ಎರಡು ಸಾಲು ಕನ್ನಡಕ್ಕೆ ಜಾಗವಿಲ್ಲವೇ?

ಜಗತ್ತಿನ ಒಳ್ಳೆಯ ಸಿನಿಮಾ ನೋಡಬೇಕಾದರೆ ಇಂಗ್ಲಿಷ್ ಬರಲೇಬೇಕು ಎಂಬ ಕಾನೂನೊಂದು ಕರ್ನಾಟಕದಲ್ಲಿ ಜಾರಿಯಲ್ಲಿದೆ. ಯಾವ ಸರ್ಕಾರವೂ ಅದನ್ನು ಮಾಡಲಿಲ್ಲ, ಯಾವ ಗೆಜೆಟ್‌ನಲ್ಲೂ ಅದು ಪ್ರಕಟವಾಗಲಿಲ್ಲ. ಆದರೂ ಎಲ್ಲರೂ ತಲೆಬಾಗಿ ಪಾಲಿಸುತ್ತಾರೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ವರ್ಷಕ್ಕೆ ಸುಮಾರು ಇನ್ನೂರು ಚಿತ್ರಗಳು ಬರುತ್ತವೆ. ಜಪಾನಿನದಾಗಲಿ, ಇರಾನಿನದಾಗಲಿ, ತೆರೆಯ ಕೆಳಗೆ ಓಡುವುದು ಇಂಗ್ಲಿಷಿನ ಎರಡು ಸಾಲು. ಕನ್ನಡಿಗರ ತೆರಿಗೆ ಹಣದಲ್ಲಿ ನಡೆಯುವ ಉತ್ಸವದಲ್ಲಿ ಆ ಎರಡು ಸಾಲು ಕನ್ನಡದಲ್ಲಿ ಯಾಕಿರಬಾರದು ಎಂದು ಗಟ್ಟಿಯಾಗಿ ಕೇಳುವವರು ಕಡಿಮೆ.

ನಾನಿರುವುದು ಪುಣೆಯಲ್ಲಿ. ಬ್ಯಾಂಕಿನ ವರ್ಗಾವಣೆ ಇಲ್ಲಿಗೆ ತಂದು ಬಿಟ್ಟಿತು, ನಿವೃತ್ತಿಯಾದರೂ ಊರಿಗೆ ಮರಳಲಿಲ್ಲ. ಲಾ ಕಾಲೇಜು ರಸ್ತೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, 2002ರಿಂದ ಇಲ್ಲೂ ಒಂದು ಚಿತ್ರೋತ್ಸವ ನಡೆಯುತ್ತಿದೆ. ಕೈಯಲ್ಲಿ ಹೊತ್ತಿದೆ, ಹೋಗಿ ನೋಡುತ್ತೇನೆ. ಉಳಿದದ್ದನ್ನು ಮನೆಯಲ್ಲಿ ಟಿ.ವಿ.ಗೆ ಹಾಕಿಕೊಳ್ಳುತ್ತೇನೆ. ಇಲ್ಲೂ ಮರಾಠಿ ಅಡಿಬರಹ ಸಿಗುವುದು ಅಪರೂಪವೇ. ಆದರೆ ಪಕ್ಕದ ಮನೆಯವನು ಉಪವಾಸ ಇದ್ದಾನೆಂದು ನಾವೂ ಒಲೆ ಹಚ್ಚದೆ ಕೂರಬೇಕೇ?

ಇತ್ತೀಚೆಗೆ ನೋಡಿದ ನಾಲ್ಕು ಚಿತ್ರಗಳ ಲೆಕ್ಕ ಕೊಡುತ್ತೇನೆ. ಕುರೊಸಾವಾ ಅವರ ‘ಇಕಿರು’ (1952): ಕಡತಗಳಿಗೆ ಮುದ್ರೆ ಒತ್ತುತ್ತಲೇ ಸರ್ವಿಸ್ ಕಳೆದ ಗುಮಾಸ್ತರ ಮುಖ್ಯಸ್ಥನಿಗೆ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ, ಸಾಯುವ ಮುನ್ನ ಮಕ್ಕಳಿಗೊಂದು ಪಾರ್ಕು ಮಾಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನಿಗೂ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ವಿಮ್ ವೆಂಡರ್ಸ್ ಅವರ ‘ಪರ್ಫೆಕ್ಟ್ ಡೇಸ್’ (2023): ಟೋಕಿಯೊದ ಸಾರ್ವಜನಿಕ ಶೌಚಾಲಯ ತೊಳೆಯುವವನ ದಿನಚರಿ. ಮಾತು ಬೆರಳೆಣಿಕೆಯಷ್ಟು, ನೋಡಿದ ಮೇಲೆ ಮನಸ್ಸು ಹಗುರ. ಫರ್ಹಾದಿ ಅವರ ‘ಎ ಸೆಪರೇಷನ್’ (2011): ಮರೆವಿನ ಕಾಯಿಲೆಯ ಮುದುಕನನ್ನು ನೋಡಿಕೊಳ್ಳಲು ಬಂದ ಹೆಂಗಸು, ಅವನ ಮೈ ತೊಳೆದರೆ ಪಾಪ ಬರುತ್ತದೆಯೇ ಎಂದು ಫೋನು ಮಾಡಿ ಕೇಳುತ್ತಾಳೆ. ಧರ್ಮಸಂಕಟ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕೊರಿಯಾದ ‘ಪ್ಯಾರಸೈಟ್’ (2019): ಒಂದೇ ರಾತ್ರಿಯ ಮಳೆ ಶ್ರೀಮಂತರ ಅಂಗಳಕ್ಕೆ ತಂಪು, ಬಡವರ ಮನೆಗೆ ಚರಂಡಿ ನೀರು. ಇಂಗ್ಲಿಷೇತರ ಚಿತ್ರವೊಂದಕ್ಕೆ ಮೊದಲ ಬಾರಿ ಅತ್ಯುತ್ತಮ ಚಿತ್ರದ ಆಸ್ಕರ್ ತಂದುಕೊಟ್ಟದ್ದು ಇದೇ, 2020ರಲ್ಲಿ.

ಈ ನಾಲ್ಕರಲ್ಲಿ ಒಂದೂ ಇಂಗ್ಲಿಷಿನದ್ದಲ್ಲ ಎಂಬುದನ್ನು ಗಮನಿಸಿ. ನೋಡಲು ಮಾತ್ರ ಇಂಗ್ಲಿಷಿನ ಬಾಗಿಲಲ್ಲೇ ಹೋಗಬೇಕು. ಹೋದರೆ ಅರ್ಧ ಸಾಮಾನು ದಾರಿಯಲ್ಲೇ ಸೋರಿಹೋಗುತ್ತದೆ. ಕೊರಿಯನ್ನರಿಗೂ ಜಪಾನೀಯರಿಗೂ ನಮ್ಮ ಹಾಗೆಯೇ ಹಿರಿಯರೊಡನೆ ಒಂದು ಮಾತು, ಕಿರಿಯರೊಡನೆ ಇನ್ನೊಂದು. ‘ಪ್ಯಾರಸೈಟ್’ನ ಡ್ರೈವರು ಯಜಮಾನನೊಡನೆ ಆಡುವ ಭಾಷೆ ಬೇರೆ, ಹೆಂಡತಿಯೊಡನೆ ಆಡುವ ಭಾಷೆ ಬೇರೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ‘ಯೂ’. ಕನ್ನಡದಲ್ಲಾದರೆ ನೀನು, ನೀವು, ತಾವು ಎಲ್ಲ ಇವೆ. ಅಕ್ಕ, ಅತ್ತಿಗೆ, ಭಾವ ಇದ್ದಾರೆ. ಈ ಚಿತ್ರಗಳಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರದ ನೆಂಟ. ನೆಂಟನನ್ನು ಹೊರಗೆ ನಿಲ್ಲಿಸಿ ದಲ್ಲಾಳಿಯನ್ನು ಒಳಗೆ ಕರೆದಿದ್ದೇವೆ.

ಗದಗಿನಿಂದ ನಮ್ಮಕ್ಕ ಬಂದಿದ್ದಾಗ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಹಾಕಿದ್ದೆ. ಆಕೆ ಓದಿದ್ದು ಏಳನೇ ಇಯತ್ತೆ. ನಾನು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಊರಿನಿಂದ ಬಂದ ಮುದಿ ತಂದೆತಾಯಿಗೆ ಹೊತ್ತು ಕೊಡಲಾಗದ ಮಕ್ಕಳು. ಸತ್ತ ಮಗನ ಹೆಂಡತಿ ಮಾತ್ರ ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ತಾಯಿ ಸತ್ತ ಬೆನ್ನಿಗೇ ಮಗಳು ಆಕೆಯ ಬಟ್ಟೆ ತನಗೆ ಬೇಕೆನ್ನುತ್ತಾಳೆ. ಅಲ್ಲಿಗೆ ಬಂದಾಗ ಅಕ್ಕ, “ಅಲ್ಲೋ ತಮ್ಮಾ, ಅವ್ವನ ಸೀರಿ ಹಂಚ್ಕೊಳ್ಳೋದು ಅಲ್ಲೂ ಹಿಂಗ ಐತೇನೋ?” ಅಂದಳು. ಎಷ್ಟೋ ವಿಮರ್ಶೆ ಓದಿದ್ದೇನೆ, ಆ ಚಿತ್ರದ ತಿರುಳನ್ನು ಇಷ್ಟು ನೇರವಾಗಿ ಹೇಳಿದವರನ್ನು ಕಾಣೆ. “ಇಂಥ ಸಿನಿಮಾ ಹಳ್ಳಿ ಜನಕ್ಕೆ ರುಚಿಸಲ್ಲ” ಎನ್ನುವ ಮಹನೀಯರಿಗೆ ನಮ್ಮಕ್ಕನೇ ಉತ್ತರ. ಇನ್ನೂ ಉತ್ತರ ಬೇಕಾದರೆ ಹೆಗ್ಗೋಡಿಗೆ ಹೋಗಿ ಕೇಳಲಿ. ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರಿಗೆ ತೋರಿಸಿದರು. ಜನ ನೋಡಿದರು.

“ಖರ್ಚು ಹುಟ್ಟಲ್ಲ ಸ್ವಾಮಿ” ಎಂಬುದು ಎರಡನೇ ವಾದ. ಲೆಕ್ಕ ನನ್ನ ಕಸುಬು, ಆದ್ದರಿಂದ ಕೇಳಿ. ಫಿನ್ಲೆಂಡಿನ ಜನಸಂಖ್ಯೆ ಅರವತ್ತು ಲಕ್ಷವೂ ಇಲ್ಲ. ಅಲ್ಲಿನ ಥಿಯೇಟರಿನಲ್ಲಿ ಹೊರದೇಶದ ಚಿತ್ರಕ್ಕೆ ಫಿನ್ನಿಶ್ ಅಡಿಬರಹ ಇರುತ್ತದೆ. ಎಷ್ಟೋ ಸಲ ಜೊತೆಗೆ ಸ್ವೀಡಿಶ್ ಸಾಲೂ ಇರುತ್ತದೆ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯ ಪ್ರಕಾರ 4.37 ಕೋಟಿ. ಕರ್ನಾಟಕದ ಸಾಕ್ಷರತೆ ಅದೇ ಗಣತಿಯಲ್ಲಿ ಶೇ 75.36. ಸಬ್‌ಟೈಟಲ್ ಎಂದರೆ ಒಂದು ಸಣ್ಣ ಕಡತ: ಯಾವ ಸೆಕೆಂಡಿಗೆ ಯಾವ ಸಾಲು ಬರಬೇಕು, ಅಷ್ಟೇ. ಸ್ಟುಡಿಯೊ ಬೇಡ, ಕಂಠದಾನ ಕಲಾವಿದರು ಬೇಡ. ಎರಡೂ ಭಾಷೆ ಬಲ್ಲ ಒಬ್ಬ ಅನುವಾದಕ, ಒಂದು ಕಂಪ್ಯೂಟರು, ಕೆಲವು ದಿನಗಳ ಸಂಬಳ. ಉತ್ಸವದ ಉದ್ಘಾಟನೆಯ ಹಾರ ತುರಾಯಿಯ ಖರ್ಚಿನಲ್ಲೇ ಇದಕ್ಕೆ ದಾರಿಯಾದೀತು.

ಇನ್ನು ಡಬ್ಬಿಂಗ್ ಜಗಳ. 1960ರ ದಶಕದಿಂದ ದಶಕಗಟ್ಟಲೆ ಡಬ್ಬಿಂಗಿಗೆ ಅಲಿಖಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆಂದು ತೀರ್ಪಿತ್ತಿತು. ಬಾಗಿಲು ತೆರೆಯಿತು, ನಿಜ. ಒಳಗೆ ಬಂದದ್ದು ಯಾರು? ಬಹುಪಾಲು ಹೊಡೆದಾಟದ, ಗ್ರಾಫಿಕ್ಸಿನ ದೊಡ್ಡ ಚಿತ್ರಗಳು. 2022ರಲ್ಲಿ ‘ಅವತಾರ್’ ಚಿತ್ರದ ಎರಡನೇ ಭಾಗ ಕನ್ನಡ ಮಾತಾಡಿತು, ಸಂತೋಷ, ‘ಇಕಿರು’ ಮಾತಾಡಲಿಲ್ಲ. ಡಬ್ಬಿಂಗಿನಿಂದ ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದವರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಡಿಬರಹದಿಂದ ಯಾರ ಅನ್ನಕ್ಕೂ ಕಲ್ಲು ಬೀಳದು; ನಾಲ್ಕು ಅನುವಾದಕರ ತಟ್ಟೆಗೆ ಅನ್ನ ಬಿದ್ದೀತು.

“ಹೊರಗೆ ಕೂತು ನಮಗೆ ಬುದ್ಧಿ ಹೇಳ್ತೀರಾ?” ಎನ್ನಬಹುದು. ಹೊರಗೆ ಕೂತವನಿಗೇ ಇದು ಸ್ಪಷ್ಟವಾಗಿ ಕಾಣುವುದು. ಪುಣೆಯಲ್ಲಿ ನನ್ನ ತರಕಾರಿ ಮರಾಠಿಯಲ್ಲಿ, ಆಟೊ ಹಿಂದಿಯಲ್ಲಿ, ಪಾಸ್‌ಬುಕ್ಕು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಉಳಿದದ್ದು ಅಡುಗೆಮನೆ ಮತ್ತು ಊರಿನ ಫೋನು. ಪರಊರಿನಲ್ಲಿ ಇದು ಅನಿವಾರ್ಯ, ದೂರುವುದಿಲ್ಲ. ಸ್ವಂತ ಊರಿನಲ್ಲಿದ್ದೂ “ದೊಡ್ಡ ವಿಷಯಕ್ಕೆ ಇಂಗ್ಲಿಷೇ ಸರಿ” ಎಂದು ಕನ್ನಡವನ್ನು ಅಡುಗೆಮನೆಗೆ ಕಳಿಸುತ್ತೀರಲ್ಲ, ಅದು ಯಾವ ಅನಿವಾರ್ಯ? ಭಾಷೆ ಒಮ್ಮೆಲೇ ಸಾಯುವುದಿಲ್ಲ. ಅದಕ್ಕೆ ಒಂದೊಂದೇ ಕೆಲಸ ತಪ್ಪಿಸುತ್ತ ಬಂದರೆ ಮೂಲೆಗೆ ಕೂರುತ್ತದೆ.

ನಾನು ಕೇಳುವುದು ಬಹಳವಲ್ಲ. ಮುಂದಿನ ಚಿತ್ರೋತ್ಸವದ ಇನ್ನೂರರಲ್ಲಿ ಹತ್ತೇ ಹತ್ತು ಚಿತ್ರಗಳಿಗೆ ಕನ್ನಡ ಅಡಿಬರಹ ಹಾಕಿ. ಅನುವಾದಕರಿಗೆ ಮರ್ಯಾದೆಯ ಸಂಭಾವನೆ ಕೊಡಿ, ಅವರ ಹೆಸರನ್ನು ತೆರೆಯ ಮೇಲೆ ತೋರಿಸಿ. ಹಕ್ಕುದಾರರ ಅನುಮತಿ ಪಡೆದು ಅವೇ ಹತ್ತು ಚಿತ್ರಗಳನ್ನು ಗದಗ, ರಾಯಚೂರು, ಚಾಮರಾಜನಗರಕ್ಕೆ ಒಯ್ಯಿರಿ. ಯಾರೂ ಬರದಿದ್ದರೆ ಆಗ ಹೇಳಿ, ಕನ್ನಡಿಗರಿಗೆ ರುಚಿಯಿಲ್ಲ ಎಂದು. ಬಡಿಸುವ ಮೊದಲೇ ಹಸಿವಿಲ್ಲ ಎನ್ನಬೇಡಿ.