ಇಲಿಯ ರಕ್ತದ ಸಕ್ಕರೆ ಮತ್ತು ಮನುಷ್ಯನ ಅವಸರ

ಇಲಿಗಳಲ್ಲಿ ಮಧುಮೇಹ ಗುಣವಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತದೆ. ಅದನ್ನು ಓದಿದವರಲ್ಲಿ ಕೆಲವರು ಆ ಔಷಧ ಪೇಟೆಗೆ ಎಂದು ಬರುವುದೆಂದು ವಿಚಾರಿಸುತ್ತಾರೆ. ಇನ್ನು ಕೆಲವರು ಅದು ಬಂದೇ ಬಿಟ್ಟಿತೆಂದು ನಂಬಿ ಪಥ್ಯವನ್ನೂ ಮಾತ್ರೆಯನ್ನೂ ಸಡಿಲಿಸುತ್ತಾರೆ. ಮೊದಲನೆಯದು ಸಹಜವಾದ ಕುತೂಹಲ, ಎರಡನೆಯದು ಅಪಾಯ. ಆ ಅಪಾಯ ಎಂಥದೆಂಬುದಕ್ಕೆ ಬಂಧಕ ಪ್ರೋಟೀನುಗಳ ವೃತ್ತಾಂತಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಇನ್ಸುಲಿನ್ ಎಲ್ಲರಿಗೂ ಪರಿಚಿತ. ರಚನೆಯಲ್ಲಿ ಅದಕ್ಕೆ ದಾಯಾದಿಯಂತಿರುವ ವಸ್ತು ಐ.ಜಿ.ಎಫ್., ಅಂದರೆ ಇನ್ಸುಲಿನ್ ಸದೃಶ ಬೆಳವಣಿಗೆಯ ಅಂಶ. ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ ಇದು ದೇಹವನ್ನು ಬೆಳೆಸುವುದಲ್ಲದೆ ರಕ್ತದ ಸಕ್ಕರೆಯನ್ನು ಇಳಿಸುವ ಶಕ್ತಿಯನ್ನೂ ಪಡೆದಿದೆ. ರಕ್ತದಲ್ಲಿ ಇದರ ಪ್ರಮಾಣ ಇನ್ಸುಲಿನ್ನಿಗಿಂತ ಎಷ್ಟೋ ಪಟ್ಟು ಅಧಿಕ. ಆದರೂ ಸಕ್ಕರೆ ಕುಸಿಯುವುದಿಲ್ಲ. ಏಕೆಂದರೆ ಇದರಲ್ಲಿ ಸ್ವತಂತ್ರವಾಗಿ ಸಂಚರಿಸುವ ಭಾಗ ಶೇಕಡ ೧ಕ್ಕಿಂತಲೂ ಕಡಿಮೆ. ಮಿಕ್ಕದ್ದನ್ನೆಲ್ಲ ಆರು ಬಗೆಯ ಬಂಧಕ ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಹಣವೆಲ್ಲ ನಿಶ್ಚಿತ ಠೇವಣಿಯಲ್ಲಿದ್ದು ಚಾಲ್ತಿ ಖಾತೆಯಲ್ಲಿ ಚಿಲ್ಲರೆ ಮಾತ್ರ ಉಳಿದಂತೆ! ಬಹುಪಾಲು ಠೇವಣಿ ಮೂರನೆಯ ಪ್ರೋಟೀನಿನ ವಶದಲ್ಲಿದೆ. ಮೊದಲನೆಯದಾದರೋ ಹೊತ್ತಿಗೆ ತಕ್ಕಂತೆ ನಡೆಯುವಂಥದು: ಉಪವಾಸದಲ್ಲಿ ಏರುತ್ತದೆ, ಊಟವಾಗಿ ಇನ್ಸುಲಿನ್ ಸ್ರವಿಸಿದ ಮೇಲೆ ಇಳಿಯುತ್ತದೆ.

೧೯೯೫ರಲ್ಲಿ ಕೆನಡಾದ ಸಂಶೋಧಕರು ಈ ಮೊದಲನೆಯ ಪ್ರೋಟೀನು ಅಧಿಕವಾಗಿ ಉತ್ಪತ್ತಿಯಾಗುವಂತೆ ಇಲಿಗಳ ತಳಿಯನ್ನು ಮಾರ್ಪಡಿಸಿದರು. ಇಲಿಗಳ ಬೆಳವಣಿಗೆ ಕುಂಠಿತವಾಯಿತು, ರಕ್ತದ ಸಕ್ಕರೆ ಏರಿತು. ಮೂರನೆಯ ಪ್ರೋಟೀನನ್ನು ಹೆಚ್ಚಿಸಿದಾಗಲೂ ಸಕ್ಕರೆ ಏರಿದುದು ೨೦೦೨ರಲ್ಲಿ ವರದಿಯಾಯಿತು. ೨೦೦೬ರಲ್ಲಿ ಮೂರು, ನಾಲ್ಕು, ಐದನೆಯವುಗಳನ್ನು ಒಟ್ಟಿಗೆ ಇಲ್ಲವಾಗಿಸಿದ ಇಲಿಗಳು ಸಾಮಾನ್ಯ ಗಾತ್ರದ ಶೇಕಡ ೭೮ರಷ್ಟೇ ಬೆಳೆದರೂ ಸಕ್ಕರೆಯನ್ನು ಹೆಚ್ಚು ಸಮರ್ಥವಾಗಿ ನಿಭಾಯಿಸಿದವು. ಇಷ್ಟಕ್ಕೇ ನಿಂತಿದ್ದರೆ ಬಂಧಕವೇ ವೈರಿಯೆಂದು ತೀರ್ಪು ಕೊಟ್ಟುಬಿಡಬಹುದಿತ್ತು.

ಆದರೆ ೨೦೦೭ರಲ್ಲಿ ಇಂಗ್ಲೆಂಡಿನಿಂದ ಬೇರೊಂದು ವರದಿ ಬಂತು. ಎರಡನೆಯ ಪ್ರೋಟೀನು ಹೆಚ್ಚಾಗಿದ್ದ ಇಲಿಗಳಿಗೆ ಬೊಜ್ಜು ಬರಿಸುವ ಆಹಾರವನ್ನು ತಿನ್ನಿಸಿದರೂ ಅವು ಸ್ಥೂಲವಾಗಲಿಲ್ಲ. ೨೦೧೦ರ ಪ್ರಯೋಗ ಇನ್ನೂ ವಿಸ್ಮಯಕರ. ೧೯೯೪ರಲ್ಲಿ ಲೆಪ್ಟಿನ್ ಹಾರ್ಮೋನಿನ ಜೀನನ್ನು ಪತ್ತೆಹಚ್ಚಿದ್ದ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡವು, ದೇಹತೂಕವನ್ನು ಗಮನಾರ್ಹವಾಗಿ ಇಳಿಸದಷ್ಟು ಅಲ್ಪ ಲೆಪ್ಟಿನ್ ಕೂಡ ಬೊಜ್ಜಿನ ಇಲಿಗಳ ಸಕ್ಕರೆಯನ್ನು ಸರಿಪಡಿಸುವುದನ್ನು ಕಂಡಿತು. ಆಗ ಯಕೃತ್ತಿನಲ್ಲಿ ಹೆಚ್ಚಿದ್ದುದು ಇದೇ ಎರಡನೆಯ ಪ್ರೋಟೀನು. ಅದನ್ನು ವೈರಾಣುವಿನ ಮೂಲಕ ಸೇರಿಸಿದಾಗ ಇಲಿಗಳ ಮಧುಮೇಹ ಹಿಮ್ಮೆಟ್ಟಿತು. ಇನ್ಸುಲಿನ್ ಕೊರತೆಯ ಇಲಿಗಳಲ್ಲಿಯೂ ಇದೇ ಫಲ! ೨೦೧೨ರಲ್ಲಿಯಂತೂ, ಹಿಂದೆ ಅಪರಾಧಿಯೆನಿಸಿದ್ದ ಮೊದಲನೆಯ ಪ್ರೋಟೀನೇ, ಅದರ ಮಾನವ ರೂಪವನ್ನು ಇಲಿಗಳಲ್ಲಿ ಹೆಚ್ಚಿಸಿದಾಗ, ಇನ್ಸುಲಿನ್ನಿನ ಪರಿಣಾಮವನ್ನು ಉತ್ತಮಗೊಳಿಸಿತು.

ಒಂದೇ ಪ್ರೋಟೀನು, ಎರಡು ಪ್ರಯೋಗ, ಎರಡು ಫಲಿತಾಂಶ. ೧೯೯೫ರ ಸುದ್ದಿಯನ್ನು ಮಾತ್ರ ಓದಿದವನೂ ೨೦೧೨ರದನ್ನು ಮಾತ್ರ ಓದಿದವನೂ ಸುಳ್ಳನ್ನೇನೂ ಓದಿದಂತಾಗಲಿಲ್ಲ. ಆದರೂ ಇಬ್ಬರೂ ದಾರಿ ತಪ್ಪಿದರು. ದಿನವಹಿಯ ಒಂದು ನಮೂದನ್ನು ನೋಡಿ ವರ್ಷದ ಲಾಭನಷ್ಟವನ್ನು ಹೇಳುವವನನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಇಲಿಯ ಮೇಲಿನ ಪ್ರಯೋಗವೆಂಬುದನ್ನು ತಲೆಬರಹದಲ್ಲಿಯೇ ಅಚ್ಚುಮಾಡುವುದು ಪತ್ರಿಕೆಗಳ ಕನಿಷ್ಠ ಕರ್ತವ್ಯ.

ಐ.ಜಿ.ಎಫ್. ಜೀವಕೋಶಗಳ ವೃದ್ಧಿಗೂ ಪ್ರಚೋದನೆ ಕೊಡುವುದರಿಂದ ಅದರ ಬಂಧನವನ್ನು ಸಡಿಲಿಸುವುದು ಸಕ್ಕರೆಯೊಂದರ ಪ್ರಶ್ನೆಯೂ ಅಲ್ಲ. ಅರ್ಬುದರೋಗದ ಭೀತಿ ಅದರ ಬೆನ್ನಿಗೇ ಇದೆ.

ಹಾಗೆಂದು ಇಲಿಯ ಪ್ರಯೋಗವನ್ನು ಮೂದಲಿಸುವವರ ಮಾತೂ ಸರಿಯಲ್ಲ. ಅಮೆರಿಕದ ದಾದಿಯರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಎರಡನೆಯ ಪ್ರೋಟೀನು ಹೆಚ್ಚಾಗಿದ್ದ ಮಹಿಳೆಯರಿಗೆ ಮುಂದೆ ಮಧುಮೇಹ ಬಂದುದು ಕಡಿಮೆಯೆಂದು ೨೦೧೨ರಲ್ಲಿ ಪ್ರಕಟವಾಯಿತು. ಇಲಿಗಳು ತೋರಿದ ದಿಕ್ಕಿಗೆ ಇದು ಹೊಂದುತ್ತದೆ. ಆದರೆ ಅಲ್ಲಿ ಆ ಪ್ರೋಟೀನನ್ನು ಯಾರಿಗೂ ಕೊಟ್ಟಿರಲಿಲ್ಲ, ಅಳೆದಿದ್ದರು, ಅಷ್ಟೆ.