ಗಾಳಕ್ಕೆ ಸಿಕ್ಕಿಸಿದ್ದು ಎರೆಹುಳ ಅಲ್ಲ ಮಗಾ

1/9
ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಅದು ನನ್ನ ಅಂಗೈ. ಮೇಲಿರೋದು ಬಳಚು. ಮಂಗಳೂರು ಕಡೆ ಮರುವಾಯಿ ಅಂತಾರೆ. ನಾವು ಬಯಲುಸೀಮೆಯೋರು ಎಲ್ಲಕ್ಕೂ ಕಪ್ಪೆಚಿಪ್ಪು ಅಂದ್ಬಿಡ್ತೀವಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟಿದೀನಿ. ನಾಣ್ಯಾನೇ ದೊಡ್ಡದು.

ಕ್ಲಾಸ್ ಟ್ರಿಪ್‌ನಲ್ಲಿ ಅಘನಾಶಿನಿ ಅಳಿವೆ ಹತ್ರ ನಾವು ಆರು ಜನ ಗಾಳ ಹಾಕಿದ ರೀಲ್ ನೀವೆಲ್ಲ ನೋಡಿದೀರಿ. ನನ್ನ ಬೇರೆ ಯಾವ ರೀಲೂ ಅಷ್ಟು ಓಡಿರಲಿಲ್ಲ. ನಿನ್ನೆ ರಾತ್ರಿ ಅದನ್ನ ಡಿಲೀಟ್ ಮಾಡಿದೆ. "ಯಾಕೆ ಗುರು, ತಲೆ ಕೆಟ್ಟಿದ್ಯಾ?" ಅಂತ ಗ್ರೂಪಲ್ಲಿ ಗಲಾಟೆ. ಉತ್ತರ ಇಲ್ಲಿದೆ. ಸ್ವಲ್ಪ ಉದ್ದ ಇದೆ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈರಿ.

2/9
ಅವತ್ತು ಏನಾಯ್ತು ಅಂತ ರೀಲ್‌ನಲ್ಲಿ ಇಲ್ಲದ್ದನ್ನ ಹೇಳ್ತೀನಿ.

ಇಳಿತದ ಹೊತ್ತು. ನೀರು ಮೊಣಕಾಲಿಗೆ ಬಂದಿತ್ತು. ಮರಳಿಗೆ ಕೈ ಹಾಕಿದ್ರೆ ಸಾಕು, ಬಳಚು ಸಿಗ್ತಿತ್ತು. ಉಪ್ಪುನೀರಿನ ಮೀನಿಗೆ ಚಿಪ್ಪಿನ ಮಾಂಸಾನೇ ಒಳ್ಳೇ ಎರೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ವಿ. ಸುಳ್ಳಲ್ಲ, ವಾಸನೆಗೆ ಮೀನು ಬರುತ್ತೆ. ಆದ್ರೆ ಆ ಮಾಂಸ ತುಂಬಾ ಮೆತ್ತಗೆ. ಗಾಳ ಬೀಸಿ ಎಸೆದ ರಭಸಕ್ಕೇ ಕೊಕ್ಕೆಯಿಂದ ಕಳಚಿ ಬಿದ್ದುಹೋಗುತ್ತೆ. ತಿಳಿದೋರು ದೊಡ್ಡ ಚಿಪ್ಪಿನ ಮಾಂಸಕ್ಕೆ ಉಪ್ಪು ಹಾಕಿ ಗಟ್ಟಿ ಮಾಡ್ತಾರೆ, ದಾರ ಸುತ್ತಿ ಕಟ್ತಾರೆ. ನಮಗೆಲ್ಲಿ ಗೊತ್ತು? ಒಂದು ಕೊಕ್ಕೆಗೆ ಮೂರು ನಾಲ್ಕು ಮರಿ. ಎಸಿ, ಬೀಳ್ತು. ಮತ್ತೆ ಮೂರು ನಾಲ್ಕು.

ಸಂಜೆ ಖಾಲಿ ಚಿಪ್ಪು ಎಣಿಸಿದೆ. ಇನ್ನೂರಕ್ಕಿಂತ ಜಾಸ್ತಿ. ಸಿಕ್ಕಿದ ಮೀನು ಮೂರು. ಅದರಲ್ಲಿ ಎರಡು ಬೆರಳುದ್ದ. ಮಿಕ್ಕಿದ ಬಳಚು ಪ್ಲಾಸ್ಟಿಕ್ ಕವರ್‌ನಲ್ಲೇ ಉಳಿದು ಬೆಳಗ್ಗೆ ನಾತ ಹೊಡೀತು. ರಸ್ತೆ ಪಕ್ಕ ಎಸೆದು ಬಸ್ ಹತ್ತಿದ್ವಿ.

ಇದು ನಮ್ಮ "ಫಿಶಿಂಗ್".

3/9
ನಾವು ಬಾಚ್ತಾ ಇದ್ದ ಜಾಗದಿಂದ ಸ್ವಲ್ಪ ದೂರದಲ್ಲಿ ಒಬ್ಬ ಅಮ್ಮ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಆರಿಸ್ತಿದ್ರು. ಕಾಲಲ್ಲಿ ತಡಕೋದು, ಬಗ್ಗೋದು, ಕೈಗೆ ತಗೊಳ್ಳೋದು. ಚಿಕ್ಕದಾದ್ರೆ ನೀರಿಗೇ ವಾಪಸ್. ನಮ್ಮ ಕವರ್ ನೋಡಿ ಹತ್ರ ಬಂದು, "ಅದು ಇನ್ನೂ ಮರಿ ಅಲ್ದಾ ತಮಾ? ಬಿಟ್ಬಿಡು" ಅಂದ್ರು. ಜಗಳ ಆಡಲಿಲ್ಲ, ಕೂಗಲಿಲ್ಲ.

ನಾವೇನು ಮಾಡಿದ್ವಿ? ನಕ್ಕು, ಸ್ವಲ್ಪ ಆ ಕಡೆ ಹೋಗಿ ಮತ್ತೆ ಬಾಚಿದ್ವಿ. ಆ ನಗು ರೀಲ್‌ನಲ್ಲಿ ರೆಕಾರ್ಡ್ ಆಗಿತ್ತು. ಅವರ ಮಾತಿನ ಮೇಲೆ ನಾನೇ ಮ್ಯೂಸಿಕ್ ಹಾಕಿದ್ದೆ. ಮೊನ್ನೆ ಇಯರ್‌ಫೋನ್ ಹಾಕಿ ಒರಿಜಿನಲ್ ಕ್ಲಿಪ್ ಕೇಳಿದೆ. ಆಮೇಲೆ ಆ ರೀಲ್ ಇಟ್ಟುಕೊಳ್ಳೋಕೆ ಮನಸ್ಸು ಬರಲಿಲ್ಲ.

ಅಲ್ಲಿ ಬಳಚು ಅಂದ್ರೆ ಮನೆಯ ಸಾರು, ಸುಕ್ಕ. ಉಳಿದದ್ದು ಮಾರಿದ್ರೆ ಅವತ್ತಿನ ಅಕ್ಕಿ ದುಡ್ಡು. ದೋಣಿ ಬೇಡ, ಬಲೆ ಬೇಡ, ಸಾಲ ಬೇಡ. ಕೈಯಲ್ಲಿ ಏನೂ ಇಲ್ಲದ ಹೆಂಗಸರಿಗೆ ಸಮುದ್ರ ತೆರೆದಿಟ್ಟ ಬಾಗಿಲು ಅದು.

4/9
ಬಳಚು ಹೇಗೆ ಬದುಕುತ್ತೆ ಅಂತ ಗೊತ್ತಾ? ನನಗೂ ಗೊತ್ತಿರಲಿಲ್ಲ.

ಅದು ಓಡಲ್ಲ, ಕಚ್ಚಲ್ಲ. ಮರಳಲ್ಲಿ ಹೂತುಕೊಂಡು ನೀರು ಎಳ್ಕೊಂಡು, ಅದರಲ್ಲಿರೋ ಕಣ್ಣಿಗೆ ಕಾಣದ ಪಾಚಿ ತಿಂದು, ನೀರು ಹೊರಗೆ ಬಿಡುತ್ತೆ. ಅಂದ್ರೆ ಇಡೀ ದಿನ ಅಳಿವೆಯ ನೀರು ಸೋಸ್ತಾ ಕೂತಿರುತ್ತೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ನುಗ್ಗಿದಾಗ ಎಷ್ಟೋ ಸಾಯ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿಗಳು ಮರಳಲ್ಲಿ ನೆಲೆ ಹಿಡೀತವೆ. ನಾವು ಕಾಲೇಜಿನವರು ಟ್ರಿಪ್ ಹೋಗೋದು ಯಾವಾಗ? ಮಳೆ ಮುಗಿದ ಮೇಲೆ. ಮರಿ ಇನ್ನೂ ಮರಿಯಾಗಿರುವಾಗಲೇ.

ಒಂದು ಸಲವಾದ್ರೂ ಮರಿ ಹಾಕೋ ಮುಂಚೆ ತೆಗೆದ್ರೆ ಅದು ಫಸಲು ಕೊಯ್ದಂಗಲ್ಲ, ಬಿತ್ತನೆ ರಾಗಿ ಬೀಸಿ ಮುದ್ದೆ ತಿಂದಂಗೆ. ರೈತರ ಮಕ್ಕಳು ನಾವು, ಇದನ್ನ ಬೇರೆಯೋರು ಹೇಳಬೇಕಾ?

5/9
"ಎರಡು ಮುಷ್ಟಿ ತಾನೇ ಮಗಾ? ಮರಳು ತೆಗೆಯೋರನ್ನ ಕೇಳು, ಚಿಪ್ಪು ಲೋಡ್‌ಗಟ್ಟಲೆ ಸಾಗಿಸೋರನ್ನ ಕೇಳು."

ಕೇಳೋಣ. ಅವರ ತಪ್ಪು ನಮ್ಮದಕ್ಕಿಂತ ಸಾವಿರ ಪಟ್ಟು ದೊಡ್ಡದು, ಒಪ್ಪಿದೆ. ಆದ್ರೆ ಈ "ತಾನೇ" ಅನ್ನೋ ಪದ ನಮ್ಮೂರಿಗೆ ಚೆನ್ನಾಗಿ ಗೊತ್ತು. ನಮ್ಮ ಉತ್ತರ ಪಿನಾಕಿನಿಯಲ್ಲೂ "ಒಂದು ಟ್ರ್ಯಾಕ್ಟರ್ ತಾನೇ" ಅಂತಲೇ ಶುರುವಾಗಿದ್ದು. ಮರಳು ಹೋಯ್ತು, ಇಂಗ್ತಿದ್ದ ನೀರು ಹೋಯ್ತು. ಈಗ ದೊಡ್ಡ ಮಳೆ ಬಂದ ವರ್ಷ ಹೊಳೆ ಹರಿದ್ರೆ ಜನ ಸೇತುವೆ ಮೇಲೆ ನಿಂತು ವಿಡಿಯೋ ಮಾಡ್ತಾರೆ. ಹೊಳೇಲಿ ನೀರು ಬಂದಿದ್ದೇ ಸುದ್ದಿ!

ಇನ್ನೊಂದು ಲೆಕ್ಕ. ನಾವು ಆರೇ ಜನ, ನಿಜ. ಆದ್ರೆ ರೀಲ್ ಕೆಳಗೆ ಬಂದ ಕಾಮೆಂಟ್‌ನಲ್ಲಿ ಅರ್ಧಕ್ಕರ್ಧ "ಲೊಕೇಶನ್ ಕಳ್ಸಿ ಬ್ರೋ". ನಾನು ಕಳಿಸಿದೀನಿ ಕೂಡ. ನಮ್ಮ ಎರಡು ಮುಷ್ಟಿ ಅಲ್ಲಿಗೇ ನಿಲ್ಲಲಿಲ್ಲ.

6/9
"ಫಾರಿನ್‌ನಲ್ಲಿ ಎಲ್ಲರೂ ಚಿಪ್ಪಿನ ಎರೆಯಲ್ಲೇ ಹಿಡೀತಾರೆ."

ಹಿಡೀತಾರೆ. ಆ ವಿಡಿಯೋದಲ್ಲಿ ತೋರಿಸದೇ ಇರೋದು ಅಲ್ಲಿನ ನಿಯಮ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೆತ್ತನೆ ಚಿಪ್ಪಿನ ಕ್ಲ್ಯಾಮ್ 2 ಇಂಚಿಗಿಂತ ಚಿಕ್ಕದಿದ್ರೆ ತೆಗೆಯೋ ಹಾಗಿಲ್ಲ. ನಾವು ಅವರ ರಾಡ್ ನೋಡಿ ಕಲಿತ್ವಿ, ರೀಲ್ ನೋಡಿ ಕಲಿತ್ವಿ, ಕೈಯಲ್ಲಿರೋ ಅಳತೆಪಟ್ಟಿ ಮಾತ್ರ ಕಣ್ಣಿಗೆ ಬೀಳಲಿಲ್ಲ.

7/9
ಅಷ್ಟು ದೂರ ಯಾಕೆ, ಕೇರಳದ ಕೊಲ್ಲಂ ಹತ್ರ ಅಷ್ಟಮುಡಿ ಕೆರೆ ಇದೆ. ಅಲ್ಲೂ ಇದೇ ಬಳಚಿನ ಜಾತಿ. 1991ರ ಹೊತ್ತಿಗೆ ವರ್ಷಕ್ಕೆ 10,000 ಟನ್ ತೆಗೀತಿದ್ರು. ಮಿತಿಮೀರಿ ತೆಗೆದು 1993ಕ್ಕೆ ಅದು ಅರ್ಧಕ್ಕೆ ಬಿತ್ತು. ಆಗ ವಿಜ್ಞಾನಿಗಳ ಸಲಹೆ ಮೇಲೆ ನಿಯಮ ಬಂತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಅವು ಮರಿ ಹಾಕೋ ಕಾಲದಲ್ಲಿ, ಯಾರೂ ಮುಟ್ಟಂಗಿಲ್ಲ. ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಚಿಕ್ಕದಿರಂಗಿಲ್ಲ, ಮರಿ ಜಾರಿ ಹೋಗ್ಬೇಕು. ಬಳಚು ಮತ್ತೆ ಚೇತರಿಸಿಕೊಳ್ತು. 2014ರಲ್ಲಿ ಅಷ್ಟಮುಡಿ ಬಳಚಿಗೆ ಅಂತರರಾಷ್ಟ್ರೀಯ ಎಂಎಸ್‌ಸಿ ಸರ್ಟಿಫಿಕೇಟ್ ಸಿಕ್ತು. ಭಾರತದಲ್ಲಿ ಅದೇ ಮೊದಲು.

ಹೊಟ್ಟೆಪಾಡಿಗೆ ಬಳಚು ತೆಗೆಯೋರೇ ಮೂರು ತಿಂಗಳು ಕೈಕಟ್ಟಿ ಕೂರ್ತಾರೆ. ಟೈಮ್‌ಪಾಸ್‌ಗೆ ಹೋಗೋ ನಮಗೆ ಒಂದು ದಿನ ಆಗಲ್ವಾ?

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಜಗತ್ತೇ ಕಾಪಾಡ್ಬೇಕು ಅಂತ ಗುರುತಿಸಿದ ಜೌಗು ಪ್ರದೇಶ ಅದು. ನಾವು ಅಲ್ಲಿಗೆ ಹೋಗಿ ಬಿಟ್ಟು ಬಂದಿದ್ದು ಒಂದು ಕವರ್ ಕೊಳೆತ ಮರಿ.

8/9
ಕೊನೇ ಫೋಟೋ ನಮ್ಮಜ್ಜಿಯ ಕಪ್ಪೆಚಿಪ್ಪು. ಬೆನ್ನನ್ನ ಕಲ್ಲಿಗೆ ಉಜ್ಜಿ ತೂತು ಮಾಡಿದಾರೆ. ಮಾವಿನಕಾಯಿ ಸಿಪ್ಪೆ ಹೆರೆಯೋಕೆ ಅದಕ್ಕಿಂತ ಒಳ್ಳೇ ಸಾಮಾನು ಇಲ್ಲ ಅಂತಾರೆ. "ಎಲ್ಲಿ ಸಿಕ್ತು ಅಜ್ಜಿ?" ಅಂದ್ರೆ, "ನಮ್ಮ ಹೊಳೇಲೇ ಕಣೋ" ಅಂತಾರೆ. ನಾನು ಹುಟ್ಟಿದ ಮೇಲೆ ಆ ಹೊಳೇಲಿ ಜೀವ ಇರೋ ಚಿಪ್ಪು ಒಂದೂ ನೋಡಿಲ್ಲ.

ಕೆರೆಯಲ್ಲಿ ಗಾಳ ಹಾಕೋ ಹುಡುಗರಿಗೂ ಒಂದು ಮಾತು. ಸಿಹಿನೀರಿನ ಕಪ್ಪೆಚಿಪ್ಪಿನ ಮರಿ ಹುಟ್ಟಿದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಅಲ್ಲೇ ಬೆಳೆದು, ಆಮೇಲೆ ಬೇರೆ ಕಡೆ ಉದುರುತ್ತೆ. ಮೀನಿಲ್ಲದೆ ಚಿಪ್ಪಿಲ್ಲ. ಚಿಪ್ಪನ್ನ ಒಡೆದು ಮೀನು ಹಿಡಿಯೋದು ಅಂದ್ರೆ ಎರಡೂ ಕಡೆ ಕತ್ತರಿಸಿದಂಗೆ.

ವಿದುರಾಶ್ವತ್ಥದ ಆ ದೊಡ್ಡ ಅಶ್ವತ್ಥ ಮರ 2001ರಲ್ಲಿ ಬಿತ್ತು. ಊರಿಗೆ ಹೆಸರು ಕೊಟ್ಟ ಮರಾನ ನಾನು ಫೋಟೋದಲ್ಲಿ ಮಾತ್ರ ನೋಡಿದೀನಿ. ಅದಕ್ಕೆ ವಯಸ್ಸಾಗಿತ್ತು, ಬಿತ್ತು, ಯಾರನ್ನೂ ದೂರೋ ಹಾಗಿಲ್ಲ. ಬಳಚಿಗೆ ವಯಸ್ಸಾಗಿಲ್ಲ. ಅದು ಹೋದ್ರೆ ನಮ್ಮ ಕೈಯಿಂದಲೇ ಹೋಗೋದು.

9/9
ಮೀನು ಹಿಡೀಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ತಿಂತೀನಿ, ನಾನೂ ಹಿಡೀತೀನಿ. ಇಷ್ಟು ಮಾಡಿ ಸಾಕು:

ಮೀನು ಮಾರ್ಕೆಟ್‌ನಲ್ಲಿ ಸೀಗಡಿ ತಲೆ ಕೇಳಿ. ಕುಮಟಾ ಕಡೆ ಶೆಟ್ಲಿ ಅನ್ನಿ. ಎಸೆಯೋ ಸಾಮಾನು ಅದು. ಬಂಗುಡೆ, ತಾರ್ಲೆ ತುಂಡೂ ಆಗುತ್ತೆ. ಕೊಕ್ಕೆಯಲ್ಲಿ ಬಳಚಿಗಿಂತ ಗಟ್ಟಿಯಾಗಿ ನಿಲ್ಲುತ್ತೆ.

ಬಳಚೇ ಬೇಕಾ? ಅಲ್ಲಿನ ಹೆಂಗಸರ ಹತ್ರ ದೊಡ್ಡದನ್ನ ದುಡ್ಡು ಕೊಟ್ಟು ತಗೊಳ್ಳಿ. ಚೌಕಾಸಿ ಮಾಡ್ಬೇಡಿ. ನೀವೇ ಮರಳು ಬಾಚ್ಬೇಡಿ.

ಮಿಕ್ಕಿದ್ದು ಜೀವ ಇದ್ರೆ ಅದೇ ನೀರಿಗೆ ಬಿಡಿ.

ಲೊಕೇಶನ್ ಹಾಕ್ಬೇಡಿ. ಕೇಳಿದೋರಿಗೂ ಕಳಿಸ್ಬೇಡಿ.

ಡಿಸೆಂಬರ್‌ನಲ್ಲಿ ಹೊರಟಿರೋ ಮೂರು ಗ್ಯಾಂಗ್‌ಗೆ ನಾನು ಲೊಕೇಶನ್ ಕೊಟ್ಟಿದ್ದೆ. ಅದು ನನ್ನ ತಪ್ಪು. ಮೂರಕ್ಕೂ ಈ ಪೋಸ್ಟ್ ಕಳಿಸಿದೀನಿ. ಅವತ್ತು ನನ್ನ ಜೊತೆ ಇದ್ದ ಐದು ಜನ, ನಿಮ್ಮ ಪ್ರೊಫೈಲ್‌ನಲ್ಲಿ ಆ ವಿಡಿಯೋ ಇನ್ನೂ ಇದೆ. ತೆಗೀರಿ. ಇವತ್ತೇ ತೆಗೀರಿ.

ಆ ಅಮ್ಮ "ಬಿಟ್ಬಿಡು" ಅಂದಾಗ ನಾವು ಬಿಡಲಿಲ್ಲ. ಈಗಲಾದ್ರೂ ಬಿಡೋಣ.

#ಬಳಚು #ಅಘನಾಶಿನಿ #ವಿದುರಾಶ್ವತ್ಥ #ಗೌರಿಬಿದನೂರು #ಮರಿಬಿಡಿ