ಕೇಳುವವರಿಲ್ಲದ ಧ್ವನಿಮುದ್ರಿಕೆಗಳು

ಸರ್ಕಾರಿ ಸೇವೆಯಲ್ಲಿ ಮೂವತ್ತೈದು ವರ್ಷ ಕಳೆದ ನಾನು ಎಷ್ಟು ಕಡತಗಳಿಗೆ ಸಹಿ ಹಾಕಿದ್ದೇನೆಂಬ ಲೆಕ್ಕ ಇಟ್ಟವನಲ್ಲ. ಹಾಕಬಾರದಿತ್ತೆಂದು ಇಂದಿಗೂ ಚುಚ್ಚುವ ಸಹಿ ಒಂದಿದೆ. ತೊಂಬತ್ತರ ದಶಕದ ಆರಂಭದಲ್ಲಿ, ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿದ್ದಾಗ, ನಿರುಪಯುಕ್ತ ಸಾಮಗ್ರಿಗಳ ವಿಲೇವಾರಿ ಪಟ್ಟಿ ನನ್ನ ಮುಂದೆ ಬಂತು. ಮುರಿದ ಕುರ್ಚಿ, ಕೆಟ್ಟ ಫ್ಯಾನು, ತುಕ್ಕು ಹಿಡಿದ ಸೈಕ್ಲೋಸ್ಟೈಲ್ ಯಂತ್ರಗಳ ನಡುವೆ ‘ಹಳೆಯ ಟೇಪು ಸುರುಳಿ: 32’ ಎಂಬ ನಮೂದಿತ್ತು. ಅನುಮೋದಿಸಿದೆ. ಕೆಲವು ವಾರಗಳ ನಂತರ ಹಿರಿಯ ಗುಮಾಸ್ತರೊಬ್ಬರು, ಅವು ಆ ಊರಿನಲ್ಲಿ ಹಿಂದೆ ನಡೆಯುತ್ತಿದ್ದ ಸಂಗೀತೋತ್ಸವದ ಮುದ್ರಣಗಳೆಂದು ಮಾತಿನ ನಡುವೆ ತಿಳಿಸಿದರು. ಯಾರು ಹಾಡಿದ್ದರೆಂಬುದು ಅವರಿಗೂ ಗೊತ್ತಿರಲಿಲ್ಲ. ಗುಜರಿಯವನು ರದ್ದಿಯ ಜತೆ ತೂಗಿ ಒಯ್ದಾಗಿತ್ತು. ನಿಯಮಗಳ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಈ ಪ್ರಸಂಗ ಈಚೆಗೆ ಪದೇ ಪದೇ ನೆನಪಾಗಲು ಕಾರಣ, ನಿವೃತ್ತಿಯ ನಂತರ ರೂಢಿಯಾದ ಒಂದು ದಿನಚರಿ. ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ನಾವು ನಾಲ್ವರು ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿ ಸೇರಿ ಒಂದು ಧ್ವನಿಮುದ್ರಿಕೆಯನ್ನು ಕೇಳುತ್ತಿದ್ದೆವು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ಮಿತ್ರರು, ಇನ್ನೊಬ್ಬರು ಬಾಲ್ಯದಲ್ಲಿ ವೀಣೆ ಕಲಿತು ಬಿಟ್ಟ ಶಾಲಾ ಶಿಕ್ಷಕಿ, ಮತ್ತೊಬ್ಬ ಮೇಲಿನ ಮಹಡಿಯ ಸಾಫ್ಟ್‌ವೇರ್ ಯುವಕ. ಹಾಡು ನಡೆಯುವಾಗ ಮಾತಿಲ್ಲ. ಮುಗಿದ ಮೇಲೆ, ಕಾಫಿಯ ಜತೆ, ಪ್ರತಿಯೊಬ್ಬರೂ ತಮ್ಮ ಕಿವಿಗೆ ಬಿದ್ದ ಒಂದು ಸಂಗತಿಯನ್ನು ಹೇಳಬೇಕು. ‘ಅದ್ಭುತ’, ‘ದೈವಿಕ’ ಎಂಬ ಪದಗಳಿಗೆ ನಿಷೇಧವಿತ್ತು. ಏನನ್ನೂ ಕೇಳದವರೂ ಆ ಮಾತುಗಳನ್ನು ಆಡಬಲ್ಲರು ಎಂಬುದು ಬ್ಯಾಂಕಿನ ಮಿತ್ರರ ವಾದ.

ಒಂದು ಉದಾಹರಣೆ ಕೊಡುತ್ತೇನೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಗ್ರಾಮಫೋನಿಗೆ ಹಾಡಿದ್ದನ್ನು ಒಂದು ದಿನ, ಅವರ ಪ್ರೌಢ ವಯಸ್ಸಿನ ಗಾಯನವನ್ನು ಮರುದಿನ ಕೇಳಿದೆವು. ಇಬ್ಬರೂ ಒಬ್ಬರೇ ಎಂದು ನಂಬಲು ಯುವಕ ಸಿದ್ಧನಿರಲಿಲ್ಲ. ಮೊದಲನೆಯದು ತೆಳುವಾದ, ಚುರುಕಾದ, ತಾರಸ್ಥಾಯಿಗೆ ಸಲೀಸಾಗಿ ಏರುವ ದನಿ. ಎರಡನೆಯದು ನೆಲದಾಳದಿಂದ ಎದ್ದಂಥ ಗಂಭೀರ ಕಂಠ. ಗಂಟಲಿನ ತೊಂದರೆಗೆ ಚಿಕಿತ್ಸೆ ಪಡೆದ ಬಳಿಕ ಅವರ ಕಂಠ ಬದಲಾದದ್ದು ಸಂಗೀತಾಸಕ್ತರಿಗೆ ಗೊತ್ತಿರುವ ಸಂಗತಿಯೇ. ಆದರೆ ಬ್ಯಾಂಕಿನ ಮಿತ್ರರು, ಎಲ್ಲವನ್ನೂ ಕಂಠದ ಲೆಕ್ಕಕ್ಕೆ ಬರೆಯಬೇಡಿ ಎಂದು ತಕರಾರು ತೆಗೆದರು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷ, ಹೆಚ್ಚೆಂದರೆ ಇನ್ನಷ್ಟು ಸೆಕೆಂಡು. ಅಷ್ಟರೊಳಗೆ ರಾಗವನ್ನು ಕಟ್ಟಿ, ತಾನು ಹಾಕಿ, ಮುಗಿಸಬೇಕಾದವರು ಯಾರಾದರೂ ಅವಸರಿಸಲೇಬೇಕು. ಶಿಕ್ಷಕಿ ಇವೆರಡನ್ನೂ ಬದಿಗಿಟ್ಟು, ಷಡ್ಜದ ಮೇಲೆ ನಿಲ್ಲುವ ಬಗೆಯನ್ನು ಗಮನಿಸಿ, ಆ ಬಿಗಿ ಎರಡರಲ್ಲೂ ಒಂದೇ ಎಂದರು. ಮೂರನೆಯ ದಿನ ಮತ್ತೆ ಕೇಳಿದೆವು. ಮೂವತ್ತು ವರ್ಷಗಳಿಂದ ನನ್ನ ಬಳಿಯೇ ಇದ್ದ ಹಾಡಿನಲ್ಲಿ ನಾನು ಕೇಳಿಸಿಕೊಳ್ಳದೆ ಬಿಟ್ಟದ್ದು ಎಷ್ಟೆಂದು ಅಂದು ಗೊತ್ತಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಪರಿಚಿತ. ಮೊದಲ ಜಿಲೇಬಿಯ ಸುಖ ಐದನೆಯದರಲ್ಲಿಲ್ಲ. ಆಲ್‌ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ಈ ನಿಯಮವನ್ನು ವಿವರಿಸುವಾಗ ಸಂಗೀತವನ್ನೇ ಪ್ರಸ್ತಾಪಿಸುತ್ತಾರೆ. ಒಳ್ಳೆಯ ಸಂಗೀತವನ್ನು ಕೇಳಿದಷ್ಟೂ ಅದರ ರುಚಿ ಹೆಚ್ಚುತ್ತದೆ. ಆದರೂ ಇದು ನಿಯಮಕ್ಕೆ ಅಪವಾದವಲ್ಲ, ಏಕೆಂದರೆ ಅಷ್ಟರಲ್ಲಿ ಕೇಳುವವನೇ ಬದಲಾಗಿರುತ್ತಾನೆ ಎಂಬುದು ಅವರ ಸಮಜಾಯಿಷಿ. ಪರೀಕ್ಷೆಗಾಗಿ ಓದುವಾಗ ಈ ಮಾತನ್ನು ದಾಟಿಕೊಂಡು ಹೋಗಿದ್ದೆ. ಒಬ್ಬನೇ ಕೇಳುವವನು ನಿಧಾನವಾಗಿ ಬದಲಾಗುತ್ತಾನೆ, ನಾಲ್ವರ ನಡುವೆ ಕೇಳುವವನು ಬೇಗ ಬದಲಾಗುತ್ತಾನೆ ಎಂದು ನಾನು ಸೇರಿಸಬಯಸುತ್ತೇನೆ.

ಧ್ವನಿಮುದ್ರಿಕೆ ಖಾಸಗಿ ವಸ್ತುವಾದದ್ದು ತೀರ ಈಚೆಗೆ. ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ಕೇಳಿದ್ದು ಗದುಗಿನ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಎಂದು ಅವರ ಜೀವನಕಥನಗಳು ಹೇಳುತ್ತವೆ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಅವರು ಮನೆ ಬಿಟ್ಟರು. ಅಂಗಡಿಯವರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದರೆ ಏನಾಗುತ್ತಿತ್ತೋ! ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರ ಜುಲೈನಲ್ಲಿ ಆರಂಭವಾದಾಗಿನಿಂದ ಶನಿವಾರದ ರಾತ್ರಿ ಸಾವಿರಾರು ಮನೆಗಳಲ್ಲಿ ಒಂದೇ ಗಾಯನ ಕೇಳಿಬರುತ್ತಿತ್ತು. ಧಾರವಾಡದಲ್ಲಿ ನಾನು ಎಂ.ಎ. ಓದುತ್ತಿದ್ದಾಗ, ಭಾನುವಾರ ಬೆಳಗಿನ ಚಹಾದ ಅಂಗಡಿಯಲ್ಲಿ ಹಿಂದಿನ ರಾತ್ರಿಯ ರಾಗದ ಪಂಚನಾಮೆ ನಡೆಯುತ್ತಿತ್ತು. ಈಗ ಜೇಬಿನಲ್ಲಿರುವ ಫೋನು ಹಿಂದಿನ ಯಾವ ಸಂಗ್ರಾಹಕನಿಗೂ ದಕ್ಕದಷ್ಟು ಸಂಗೀತವನ್ನು ತಂದುಕೊಡುತ್ತದೆ. ಅಭಾವವಿರುವುದು ಎರಡನೆಯ ಕಿವಿಗೆ.

ಕಳೆದ ವರ್ಷ ಬ್ಯಾಂಕಿನ ಮಿತ್ರರು ತೀರಿಕೊಂಡರು. ಬೆಳಿಗ್ಗೆ ಮಾರ್ವಾ ಕೇಳಬಹುದೇ ಎಂಬ ನಮ್ಮಿಬ್ಬರ ಜಗಳ ತೀರ್ಮಾನವಾಗದೆ ಉಳಿಯಿತು. ವಿದೇಶದಲ್ಲಿರುವ ಮಗ ಮನೆ ಖಾಲಿ ಮಾಡಲು ಬಂದಾಗ, ‘ಅಂಕಲ್, ಇವನ್ನು ಏನು ಮಾಡಲಿ?’ ಎಂದು ಆರುನೂರಕ್ಕೂ ಹೆಚ್ಚು ಕ್ಯಾಸೆಟ್ಟುಗಳನ್ನು ತೋರಿಸಿದ. ಪ್ರತಿಯೊಂದರ ಒಳಚೀಟಿಯಲ್ಲಿ ರಾಗ, ದಿನಾಂಕ ಮತ್ತು ಒಂದು ಸಾಲಿನ ಅಭಿಪ್ರಾಯ. ‘ಗಂಟಲು ಕೆಟ್ಟಿತ್ತು, ಆದರೂ ತೋಡಿ ನಿಂತಿತು’ ಎಂದು ಒಂದರಲ್ಲಿ. ‘ತಬಲಾ ಜಾಸ್ತಿ’ ಎಂದು ಇನ್ನೊಂದರಲ್ಲಿ. ಮಗನನ್ನು ದೂರಲಾರೆ, ಅವನಿಗಿದ್ದದ್ದು ಹತ್ತು ದಿನದ ರಜೆ. ನಾನು ಸಂಸ್ಥೆಯೊಂದಕ್ಕೆ ಪತ್ರ ಬರೆದೆ. ಇಂಥವನ್ನು ಸ್ವೀಕರಿಸಲು ಅವಕಾಶವಿಲ್ಲವೆಂಬ ಉತ್ತರ ಬಂತು. ಅದರ ಭಾಷೆ ನನಗೆ ಅಪರಿಚಿತವಾಗಿರಲಿಲ್ಲ, ಅಂಥ ಉತ್ತರಗಳನ್ನು ನಾನೇ ಎಷ್ಟೋ ಬರೆಸಿದ್ದೇನೆ.

ಅವಕಾಶ ಕಲ್ಪಿಸುವುದು ಕಷ್ಟವೇ? ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ತೆರುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ನಗರ ಕೇಂದ್ರ ಗ್ರಂಥಾಲಯಗಳಲ್ಲಿ ಒಂದೊಂದು ಕೋಣೆ, ಒಳ್ಳೆಯ ಎರಡು ಸ್ಪೀಕರು, ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವ ಸಲಕರಣೆ, ವಾರಕ್ಕೆ ಎರಡು ದಿನ ಎಲ್ಲರೂ ಕೂತು ಕೇಳುವ ಹೊತ್ತು: ಇಷ್ಟೇ ನನ್ನ ಬೇಡಿಕೆ. ಜತೆಗೊಂದು ದಪ್ಪ ಪುಸ್ತಕವಿರಲಿ, ಕೇಳಿದವರು ತಮಗೆ ಕೇಳಿಸಿದ್ದನ್ನು ಬರೆದಿಡಲಿ. ಕೃತಿಸ್ವಾಮ್ಯದ ಆಕ್ಷೇಪ ಬರುವುದು ಸಹಜ. 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ; 78 ಸುತ್ತಿನ ತಟ್ಟೆಗಳಲ್ಲಿ ಬಹುಪಾಲು ಈ ಅವಧಿಯನ್ನು ದಾಟಿವೆ. ಖಾಸಗಿ ಕಛೇರಿಗಳ ಟೇಪುಗಳ ವಿಚಾರ ಬೇರೆ. ಪ್ರದರ್ಶಕರ ಹಕ್ಕು 50 ವರ್ಷ ಇರುವುದರಿಂದ ಕಲಾವಿದರ ಅಥವಾ ಕುಟುಂಬದವರ ಒಪ್ಪಿಗೆ ಪಡೆಯಬೇಕು. ಒಂದು ಪತ್ರ ಬರೆದು ಕೇಳುವ ಕೆಲಸವದು. ತಡೆದರೆ ಮಾತ್ರ ಕಷ್ಟ. ಟೇಪಿನ ಮೇಲಿನ ಲೇಪ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರ ರಿಪೇರಿ ಮಾಡಬಲ್ಲವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಸದ್ಯಕ್ಕೆ ಆ ಕ್ಯಾಸೆಟ್ಟುಗಳು ನಮ್ಮ ಮನೆಯ ಅಟ್ಟದಲ್ಲಿವೆ. ಯುವಕ ದಿನಕ್ಕೊಂದನ್ನು ಕಂಪ್ಯೂಟರಿಗೆ ಇಳಿಸುತ್ತಾನೆ, ಮರುದಿನ ಬೆಳಿಗ್ಗೆ ಮೂವರು ಕೂತು ಕೇಳುತ್ತೇವೆ. ಈವರೆಗೆ ನಲವತ್ತೊಂದು ಮುಗಿದಿವೆ. ನಾಳಿನದರ ಚೀಟಿಯಲ್ಲಿ ರಾಗದ ಹೆಸರಿಲ್ಲ, ಕಲಾವಿದರ ಹೆಸರೂ ಇಲ್ಲ. ದಿನಾಂಕದ ಕೆಳಗೆ ಮಿತ್ರರ ದುಂಡನೆಯ ಅಕ್ಷರದಲ್ಲಿ ಇಷ್ಟೇ ಇದೆ: ‘ಯಾರೆಂದು ಗೊತ್ತಾಗಲಿಲ್ಲ. ಯಾರಿಗಾದರೂ ಕೇಳಿಸಬೇಕು.’